ಸೋಮವಾರದ ಎದೆಬಿಗಿತ

ಶಾರ್ಲಟ್‌ನಿಂದ ಹೆದ್ದಾರಿ 85ರಲ್ಲಿ ಉತ್ತರಕ್ಕೆ ಹೋದರೆ ಅರ್ಧ ಗಂಟೆಯಲ್ಲಿ ಕನಾಪೊಲಿಸ್ ಸಿಗುತ್ತದೆ. ಫಲಕದ ಮೇಲೆ ಇಂಗ್ಲಿಷಿನಲ್ಲಿ "ಕನ್ನ" ಎಂದು ಶುರುವಾಗುವುದನ್ನು ಓದಿ, ಇದು ನಮ್ಮವರ ಊರೇ ಎಂದು ತಮಾಷೆ ಮಾಡದ ಕನ್ನಡಿಗರು ಕಡಿಮೆ. ಅದು ಟವೆಲಿನ ಊರು. 1906ರಲ್ಲಿ ಜೇಮ್ಸ್ ಕ್ಯಾನನ್ ಎಂಬುವರು ಹೊಲಗಳನ್ನು ಕೊಂಡು, 1908ರಲ್ಲಿ ಮಿಲ್ಲು ಶುರು ಮಾಡಿ, ಕೆಲಸಗಾರರಿಗೆ ಮನೆಗಳನ್ನೂ ಕಟ್ಟಿಸಿದರು. 1984ರವರೆಗೆ ಆ ಊರಿಗೊಂದು ನಗರಸಭೆಯೂ ಇರಲಿಲ್ಲವಂತೆ!

ಅಮೆರಿಕದ ಊರುಗಳನ್ನು ಬೆಳೆಸಿದವರು ಹಡಗಿನಲ್ಲಿ ಬಂದವರು ಎಂದು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಬಾಲ್ಟಿಮೋರ್‌ಗೆ ಆ ಮಾತು ಸರಿ. ಕೆರೊಲಿನಾದ ಮಿಲ್ಲುಗಳಿಗೆ ಬಂದವರು ಹೆಚ್ಚಾಗಿ ಗುಡ್ಡಗಾಡಿನ ಬಡ ರೈತರು. ಕಪ್ಪು ಜನರಿಗೆ 1960ರ ದಶಕದವರೆಗೂ ಮೂಟೆ ಹೊರುವ, ಗುಡಿಸುವಂಥ ಕೆಲಸ ಬಿಟ್ಟರೆ ಬೇರೆ ಸಿಗುವುದೇ ಅಪರೂಪವಾಗಿತ್ತು.

ರೆಸಿಡೆನ್ಸಿಯ ದಿನಗಳಲ್ಲಿ ಅಂಥ ಮಿಲ್ಲಿನಲ್ಲಿ ದುಡಿದ ಒಬ್ಬ ವೃದ್ಧೆಯನ್ನು ನೋಡಿದೆ. ಸಿಗರೇಟು ಮುಟ್ಟಿದವರಲ್ಲ. "ಭಾನುವಾರ ಚೆನ್ನಾಗಿರುತ್ತಿದ್ದೆ, ಸೋಮವಾರ ಎದೆ ಬಿಗಿಯುತ್ತಿತ್ತು, ವಾರದ ಕೊನೆಗೆ ಸರಿಹೋಗುತ್ತಿತ್ತು" ಎಂದರು. ಬಿಸಿನೋಸಿಸ್ ಎಂಬ ಕಾಯಿಲೆಯ ಲಕ್ಷಣ ಇದೇ. ರಜೆಯ ನಂತರ ಹತ್ತಿಯ ಧೂಳು ಮತ್ತೆ ತಾಗಿದ ದಿನ ಉಸಿರುನಾಳ ಬಿಗಿಯುತ್ತದೆ. ವರ್ಷಗಟ್ಟಲೆ ಧೂಳು ಕುಡಿದರೆ ಬಿಗಿತ ವಾರವಿಡೀ ಉಳಿಯುತ್ತದೆ.

ನನ್ನ ತಂದೆ ತುಮಕೂರು ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದು ಒಂದು ಹತ್ತಿ ಮಿಲ್ಲಿಗೆ ಸೇರಿದವರು. 1884ರಲ್ಲಿ ಶುರುವಾಗಿ ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಕಾರ್ಖಾನೆಯ ಕಾಲದಿಂದ ಎಷ್ಟು ಸಾವಿರ ಜನ ಹಾಗೆ ಬಂದರೋ! ಧೂಳಿಗೆ ಒಳ್ಳೆಯದೆಂದು ಅಪ್ಪ ಜೇಬಿನಲ್ಲಿ ಬೆಲ್ಲದ ಚೂರು ಇಟ್ಟುಕೊಳ್ಳುತ್ತಿದ್ದರು. ಸೋಮವಾರ ರಾತ್ರಿ ಅಮ್ಮ ಮೆಣಸಿನ ಕಷಾಯ ಕಾಸುತ್ತಿದ್ದಳು. ನನ್ನ ಎಂ.ಬಿ.ಬಿ.ಎಸ್. ಫೀಸು ಆ ಮಿಲ್ಲಿನ ಓವರ್‌ಟೈಮ್ ದುಡ್ಡು. ಆ ವೃದ್ಧೆಯ ಮಾತು ಕೇಳುವ ವೇಳೆಗೆ ಅಪ್ಪ ತೀರಿಕೊಂಡಿದ್ದರು.

ಅಮೆರಿಕ ಸರ್ಕಾರ 1978ರಲ್ಲಿ ಹತ್ತಿ ಧೂಳಿಗೆ ಮಿತಿ ಹಾಕಿತು. ಮಿಲ್ಲಿನವರು ಕೋರ್ಟಿಗೆ ಹೋದರು. 1981ರಲ್ಲಿ ಸುಪ್ರೀಂ ಕೋರ್ಟ್ ನಿಯಮವನ್ನು ಎತ್ತಿಹಿಡಿಯಿತು. ಕನಾಪೊಲಿಸ್ ಮಿಲ್ಲು 2003ರ ಜುಲೈ 30ರಂದು ಮುಚ್ಚಿತು. ಕೆರೊಲಿನಾದಲ್ಲಿ ಒಂದೇ ದಿನ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಆ ಜಾಗದಲ್ಲಿ ಈಗ ಸಂಶೋಧನಾ ಕೇಂದ್ರವಿದೆ.

ಬೇಸಿಗೆಗೆ ಊರಿನಿಂದ ಬರುವ ನಿಮ್ಮ ತಂದೆ ತಾಯಿ ಕೆಮ್ಮುತ್ತಿದ್ದರೆ, ಡಾಕ್ಟರಿಗೆ ಮಾತ್ರೆಗಳ ಪಟ್ಟಿಯ ಜೊತೆಗೆ ಅವರು ಏನು ಕೆಲಸ ಮಾಡುತ್ತಿದ್ದರೆಂದೂ ಹೇಳಿ: ಮಿಲ್ಲೋ, ಕಲ್ಲು ಒಡೆಯುವುದೋ, 2001ರಲ್ಲಿ ಮುಚ್ಚಿದ ಕೆ.ಜಿ.ಎಫ್. ಗಣಿಯೋ. ಎಷ್ಟು ವರ್ಷ ಎಂಬುದನ್ನೂ ಹೇಳಿ. ಹದಿನೈದು ನಿಮಿಷದ ಭೇಟಿಯಲ್ಲಿ ಇಲ್ಲಿನವರು ಅದನ್ನು ತಾವಾಗಿ ಕೇಳುವುದು ಕಡಿಮೆ.