ನೆಗೆಯಲಾರದ ನಾಯಕ

ಸೋದರಿಯರೇ, ಹುಣಿಸೆಹಣ್ಣು ಹಾಕದೆ ಹುಳಿ ಮಾಡಿ ಎಂದು ಯಾರಾದರೂ ಹೇಳಿದರೆ ನೀವು ಏನನ್ನುತ್ತೀರಿ? "ಹುಣಿಸೆಹಣ್ಣೇ ಇಲ್ಲದ ಮೇಲೆ ಅದು ಹುಳಿ ಹೇಗಾದೀತು ರೀ?" ಎಂದು ನಗುತ್ತೀರಿ. ಆದರೆ ಮಜ್ಜಿಗೆ ಹುಳಿ ಇಲ್ಲವೇ? ಅದಕ್ಕೆ ಹುಣಿಸೆಹಣ್ಣು ಬೇಡ. ಹುಳಿಯ ಕೆಲಸವನ್ನು ಮಜ್ಜಿಗೆಯೇ ಮಾಡುತ್ತದೆ. ಹೆಸರು ಹುಳಿಯದೇ, ರುಚಿ ಮಾತ್ರ ಬೇರೆ. ಒಂದು ಮುಖ್ಯ ಪದಾರ್ಥ ತೆಗೆದರೆ ಅಡಿಗೆ ಕೆಡಲೇಬೇಕೆಂದಿಲ್ಲ, ಇನ್ನೊಂದು ಅಡಿಗೆ ಹುಟ್ಟಬಹುದು. ನಾನು ಈ ಸಲ ಬರೆಯಹೊರಟಿರುವುದು ಇಂಥದೇ ಒಂದು ವಿಷಯ. ಆದರೆ ಅದು ಅಡಿಗೆಯದಲ್ಲ, ಆಟದ್ದು. ಅದೂ ವೀಡಿಯೋ ಗೇಮ್! ದಯವಿಟ್ಟು ಪುಟ ತಿರುವಬೇಡಿ.

ನಮ್ಮನೆಯಲ್ಲಿ ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರವಿದೆ. ಹೊರದೇಶದಲ್ಲಿರುವ ನಮ್ಮಣ್ಣನ ಮಗ ರಜಕ್ಕೆ ಬಂದಾಗ ನನ್ನ ಮಗನಿಗೆ ತಂದುಕೊಟ್ಟದ್ದು. ನಿಂಟೆಂಡೊ ಜಪಾನಿನ ಕ್ಯೋಟೊ ಊರಿನ ಕಂಪನಿ. 1889ರಲ್ಲಿ ಶುರುವಾದಾಗ ಅವರು ಮಾಡುತ್ತಿದ್ದುದು ಹೂವಿನ ಚಿತ್ರಗಳ ಇಸ್ಪೀಟೆಲೆ. ಈಗ ಜಗತ್ತಿಗೆಲ್ಲ ಅವರು ಗೊತ್ತಿರುವುದು ಮಾರಿಯೋ ಎಂಬ ದಪ್ಪ ಮೀಸೆಯ, ಕೆಂಪು ಟೋಪಿಯ ಪುಟ್ಟ ಮನುಷ್ಯನಿಂದ. ಅವನನ್ನು ರೂಪಿಸಿದವರು ಶಿಗೆರು ಮಿಯಮೊಟೊ. 1981ರ 'ಡಾಂಕಿ ಕಾಂಗ್' ಆಟದಲ್ಲಿ ಮೊದಲು ಬಂದಾಗ ಅವನನ್ನು ಕರೆಯುತ್ತಿದ್ದುದೇ 'ಜಂಪ್‌ಮ್ಯಾನ್' ಎಂದು. ಅಂದರೆ ನೆಗೆಯುವವ! 1985ರಲ್ಲಿ 'ಸೂಪರ್ ಮಾರಿಯೋ ಬ್ರದರ್ಸ್' ಬಂತು. ಓಡು, ಹಳ್ಳ ಹಾರು, ಶತ್ರುವಿನ ತಲೆಯ ಮೇಲೆ ಕುಪ್ಪಳಿಸು, ರಾಜಕುಮಾರಿಯನ್ನು ಬಿಡಿಸಿಕೊಂಡು ಬಾ. ಅಂದಿನಿಂದ ಸೂತ್ರ ಅದೇ.

ಈ ಸೂತ್ರ ನನ್ನ ಕೈಗೆ ಹತ್ತಲಿಲ್ಲ. ಒಂದು ಕೈಯಲ್ಲಿ ಓಡಿಸಬೇಕು, ಇನ್ನೊಂದರಲ್ಲಿ ಗುಂಡಿ ಒತ್ತಿ ಹಾರಿಸಬೇಕು, ಮೇಲೆ ಗಡಿಯಾರ ಬೇರೆ ಓಡುತ್ತಿರುತ್ತದೆ. ಚೂರು ಮೊದಲು ಒತ್ತಿದರೂ ಹಳ್ಳ, ಚೂರು ತಡವಾದರೂ ಹಳ್ಳ. ಮಗ ಪಕ್ಕದಲ್ಲಿ ಕೂತು, "ಅಮ್ಮಾ, ಈಗ! ಈಗ! ಅಯ್ಯೋ, ಬಿಡು. ನಿನ್ ಕೈಲಿ ಆಗಲ್ಲ" ಅನ್ನುತ್ತಿದ್ದ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಅನ್ನಿ. ಹೊಸ ಮೊಬೈಲಿನ ಮುಂದೆ, ಬ್ಯಾಂಕಿನ ಮೆಷಿನ್ನಿನ ಮುಂದೆ ನಮಗೆಲ್ಲ ಈ ಮಾತು ಕೇಳಿ ಅಭ್ಯಾಸವಾಗಿದೆ, ಅಲ್ಲವೇ? ನಾನು ಎದ್ದು ಹೋಗಿ ಅಕ್ಕಿ ಆರಿಸುತ್ತಿದ್ದೆ.

ಮಗ ಇಂಜಿನಿಯರಿಂಗ್ ಓದಲು ಹಾಸ್ಟೆಲಿಗೆ ಹೋದ ಮೇಲೆ ಯಂತ್ರ ಟಿ.ವಿ. ಕೆಳಗೆ ಧೂಳು ತಿನ್ನುತ್ತಾ ಕೂತಿತ್ತು. ಹೊರಡುವ ಮುಂಚೆ ಒಂದು ಆಟ ಹಾಕಿಟ್ಟು, "ಅಮ್ಮಾ, ಇದು ನಿನಗೆ. ಇದರಲ್ಲಿ ಹಾರೋದೇ ಇಲ್ಲ" ಎಂದು ಹೇಳಿಹೋಗಿದ್ದ. ಅದರ ಹೆಸರು 'ಕ್ಯಾಪ್ಟನ್ ಟೋಡ್: ಟ್ರೆಷರ್ ಟ್ರ್ಯಾಕರ್'. ಮಾರಿಯೋನ ಆಟಗಳಿಂದ ಕವಲೊಡೆದು ಬಂದದ್ದು. 2014ರಲ್ಲಿ ನಿಂಟೆಂಡೊದವರ ಹಿಂದಿನ ಯಂತ್ರಕ್ಕೆ ಬಂದಿತ್ತು, 2018ರಲ್ಲಿ ಸ್ವಿಚ್‌ಗೂ ಬಂತು.

ಈ ಟೋಡ್ ಯಾರು ಗೊತ್ತೇ? ಅಣಬೆಯಂಥ ತಲೆಯ, ರಾಜಕುಮಾರಿಯ ಪರಿವಾರದವನು. 1985ರ ಆಟದಲ್ಲಿ ಮಾರಿಯೋ ಕಷ್ಟಪಟ್ಟು ಕೋಟೆ ಗೆದ್ದು ಹೋದರೆ, ಒಳಗಡೆ ರಾಜಕುಮಾರಿಯ ಬದಲು ಟೋಡ್ ನಿಂತಿರುತ್ತಿದ್ದ. ಥ್ಯಾಂಕ್ಸ್ ಹೇಳಿ, ರಾಜಕುಮಾರಿ ಇಲ್ಲಿಲ್ಲ, ಬೇರೆ ಕೋಟೆಯಲ್ಲಿದ್ದಾಳೆ ಎಂದು ತಿಳಿಸುವುದಷ್ಟೇ ಅವನ ಕೆಲಸ. ಹೀಗೆ ಏಳು ಕೋಟೆಗಳಲ್ಲಿ! ಮದುವೆಮನೆಯಲ್ಲಿ ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುವವರ ಹಾಗೆ ಅನ್ನಿ, ಎಲ್ಲರೂ ನೋಡುತ್ತಾರೆ, ಯಾರೂ ನೆನಪಿಡುವುದಿಲ್ಲ. 2007ರ 'ಸೂಪರ್ ಮಾರಿಯೋ ಗ್ಯಾಲಕ್ಸಿ'ಯಲ್ಲಿ ಅಂಥ ಟೋಡ್‌ಗಳ ಸಣ್ಣ ತಂಡಕ್ಕೆ ಒಬ್ಬ ಪುಕ್ಕಲು ನಾಯಕ ಬಂದ, ಹಣೆಗೆ ಟಾರ್ಚು ಕಟ್ಟಿಕೊಂಡು. 2013ರ 'ಸೂಪರ್ ಮಾರಿಯೋ ತ್ರೀಡಿ ವರ್ಲ್ಡ್'ನಲ್ಲಿ ಅವನಿಗೆಂದೇ ನಾಲ್ಕಾರು ಸಣ್ಣ ಮಟ್ಟಗಳನ್ನು ಕೊಟ್ಟರು. ಆಡಿದವರು ಮೆಚ್ಚಿದರು. ಮರುವರ್ಷವೇ ಅವನ ಹೆಸರಿನ ಆಟವೇ ಬಂತು.

ಅವನ ಬೆನ್ನ ಮೇಲೆ ದೊಡ್ಡದೊಂದು ಚೀಲ. ಆ ಭಾರಕ್ಕೆ ಅವನು ನೆಗೆಯಲಾರ. ನಡೆಯುತ್ತಾನೆ, ಪುಟುಪುಟು ಓಡುತ್ತಾನೆ, ಏಣಿ ಹತ್ತುತ್ತಾನೆ, ಮೇಲಿಂದ ಕೆಳಕ್ಕೆ ಧುಮುಕುತ್ತಾನೆ. ಹಾಗೆ ಧುಮುಕುವಾಗ ಕೆಳಗೆ ಶತ್ರು ಸಿಕ್ಕಿದರೆ ಅವನ ಕಥೆ ಮುಗಿಯಿತು. ಆದರೆ ಮೊಣಕಾಲುದ್ದದ ಕಟ್ಟೆಯಿದ್ದರೂ ಅದು ಅವನಿಗೆ ಗೋಡೆಯೇ!

ಕುಂಟೆಬಿಲ್ಲೆಯಲ್ಲಿ ಕುಂಟುವುದನ್ನೇ ತೆಗೆದರೆ ಉಳಿಯುವುದೇನು ಎಂದು ಮೊದಲು ನನಗೂ ಅನ್ನಿಸಿತು. ಉಳಿಯುವುದು ನೋಡುವುದು, ಸೋದರಿಯರೇ. ಒಂದೊಂದು ಮಟ್ಟವೂ ಅಂಗೈ ಮೇಲಿಡಬಹುದಾದಂಥ ಒಂದು ಪುಟ್ಟ ಲೋಕ. ಜಪಾನಿನಲ್ಲಿ ಪೆಟ್ಟಿಗೆಯೊಳಗೆ ಮಣ್ಣು, ಕಲ್ಲು, ಗಿಡ, ಸೇತುವೆ ಜೋಡಿಸಿ ಪುಟ್ಟ ತೋಟ ಮಾಡುವ ಕಲೆಯಿದೆ, 'ಹಕೊನಿವಾ' ಎಂದು ಹೆಸರು. ನಮಗೇನು ಇದು ಹೊಸದಲ್ಲ. ದಸರೆಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಪಕ್ಕದಲ್ಲಿ ಪಾರ್ಕು ಮಾಡುತ್ತೇವಲ್ಲ, ರಾಗಿ ಮೊಳಕೆಯ ಹುಲ್ಲು, ಕನ್ನಡಿ ಚೂರಿನ ಕೆರೆ, ಮರಳಿನ ದಾರಿ, ಅದೇ! ಪಾರ್ಕು ನೋಡಲು ಬಂದ ಮಕ್ಕಳು ಒಂದು ಕಡೆ ನಿಲ್ಲುವುದಿಲ್ಲ. ಬಗ್ಗಿ ನೋಡುತ್ತವೆ, ಈ ಪಕ್ಕ ಆ ಪಕ್ಕ ಇಣುಕುತ್ತವೆ. ಈ ಆಟವೂ ಹಾಗೇ. ಬಲಗೈಯ ಕಡ್ಡಿಯಿಂದ ಆ ಲೋಕವನ್ನೇ ಸುತ್ತ ತಿರುಗಿಸಿ ನೋಡಬೇಕು. ಎದುರಿನಿಂದ ಗೋಡೆ ಅನ್ನಿಸಿದ್ದು ಹಿಂದಿನಿಂದ ನೋಡಿದರೆ ಬಾಗಿಲು. ಮೇಲಿಂದ ಏನೂ ಇಲ್ಲವೆನಿಸಿದ ಕಡೆ ಬಗ್ಗಿ ನೋಡಿದರೆ ಸುರಂಗ.

ಪ್ರತಿ ಮಟ್ಟದಲ್ಲಿ ಒಂದು ನಕ್ಷತ್ರವಿದೆ. ಅದನ್ನು ಮುಟ್ಟಿದರೆ ಗೆದ್ದಂತೆ. ದಾರಿಯಲ್ಲಿ ಮೂರು ಹರಳುಗಳನ್ನು ಅಡಗಿಸಿಟ್ಟಿದ್ದಾರೆ. ನೆಲದಿಂದ ಟರ್ನಿಪ್ ಗಡ್ಡೆ ಕಿತ್ತು ಶತ್ರುಗಳ ಮೇಲೆ ಎಸೆಯಬಹುದು. ಗುದ್ದಲಿ ಸಿಕ್ಕರೆ ಇಟ್ಟಿಗೆ ಒಡೆಯಬಹುದು. ಒಂದು ಜಾತಿಯ ಜೋಡಿ ಚೆರ್ರಿ ಹಣ್ಣಿದೆ, ಅದನ್ನು ಮುಟ್ಟಿದರೆ ಟೋಡ್ ಇಬ್ಬರಾಗುತ್ತಾನೆ. ಇನ್ನೊಂದು ಸಿಕ್ಕರೆ ಮೂವರು! ಎಲ್ಲರೂ ಒಟ್ಟಿಗೇ ನಡೆಯುತ್ತಾರೆ. ಬೆಳಿಗ್ಗೆ ಎಂಟು ಗಂಟೆಗೆ ಡಬ್ಬಿ ಕಟ್ಟುವ ಹೊತ್ತಿನಲ್ಲಿ ಆ ಹಣ್ಣು ನಮಗೆ ಸಿಗಬಾರದೇ ಎಂದು ನನಗೆ ಅನ್ನಿಸದೆ ಇಲ್ಲ.

ಸಾಮಾನ್ಯವಾಗಿ ಇಲ್ಲಿ ಗಡಿಯಾರದ ಕಾಟವಿಲ್ಲ. ಗ್ಯಾಸಿನವನು ಬಂದ ಎಂದರೆ ಟೋಡನನ್ನು ಶತ್ರುಗಳಿಲ್ಲದ ಒಂದು ಮೂಲೆಯಲ್ಲಿ ನಿಲ್ಲಿಸಿ ಹೋಗಬಹುದು. ಬಂದು ನೋಡಿದರೆ ಚೀಲ ಹೊತ್ತುಕೊಂಡು ನಿಂತೇ ಇರುತ್ತಾನೆ, ಪಾಪ. ಮೊದಲ ವಾರ ದಿನಕ್ಕೆ ಒಂದು ಮಟ್ಟ, ಆಮೇಲೆ ಎರಡು. ಮಧ್ಯಾಹ್ನ ಊಟದ ಪಾತ್ರೆ ತೊಳೆದು, ಸಂಜೆ ಕಾಫಿಗೆ ಇಡುವವರೆಗಿನ ಹೊತ್ತು ನನ್ನದು. ನಮ್ಮ ಮನೆಯವರು ಒಂದು ದಿನ ಬೇಗ ಬಂದವರು, "ಏನಿದು ಚಿಕ್ಕ ಹುಡುಗಿ ಹಾಗೆ!" ಎಂದರು. ಸ್ವಲ್ಪ ಹೊತ್ತು ನಿಂತು ನೋಡಿ, "ಆ ಕಂಬದ ಹಿಂದೆ ನೋಡು" ಎಂದೂ ಅಂದರು!

ನಮ್ಮತ್ತೆಯವರಿಗೆ ಮಾತ್ರ ಒಂದು ಸಂಶಯ. ಜಪದ ಸರ ಕೈಯಲ್ಲಿ ಹಿಡಿದೇ ಕೇಳಿದರು, "ಅಲ್ಲವೇ, ಆ ಹುಡುಗ ಅಷ್ಟು ದೊಡ್ಡ ಗಂಟು ಹೊತ್ಕೊಂಡು ಯಾಕೆ ಅಲೀತಾನೆ? ಒಂದು ಗಳಿಗೆ ಇಳಿಸಿ, ಹಾರಿ, ಮತ್ತೆ ಹೊತ್ಕೋಬಾರದೇ?"

"ಇಳಿಸಿದ್ರೆ ಸಿಕ್ಕಿದ್ದನ್ನೆಲ್ಲ ಎಲ್ಲಿ ಹಾಕ್ಕೋತಾನೆ ಅತ್ತೆ?"

"ಅದೂ ಸರಿಯೇ ಅನ್ನು. ಹೊರೋರಿಗೇ ಗೊತ್ತು" ಎಂದು ಜಪ ಮುಂದುವರಿಸಿದರು.

ಇನ್ನೊಂದು ವಿಷಯ ನಮ್ಮಂಥವರಿಗೆ ಇಷ್ಟವಾಗುವಂಥದು. ಕಥೆಯನ್ನು ಬಣ್ಣದ ಚಿತ್ರಪುಸ್ತಕದ ಹಾಗೆ ಮಾಡಿದ್ದಾರೆ, ಪುಟ ತಿರುವಿದಂತೆ ಮಟ್ಟಗಳು. ಮೊದಲ ಭಾಗದಲ್ಲಿ ವಿಂಗೋ ಎಂಬ ದೈತ್ಯ ಹಕ್ಕಿ ಹೊಳೆಯುವ ನಕ್ಷತ್ರದ ಆಸೆಗೆ ಟೋಡೆಟ್ ಎಂಬ ಹುಡುಗಿಯನ್ನೂ ಹೊತ್ತೊಯ್ಯುತ್ತದೆ, ಟೋಡ್ ಹುಡುಕಿಕೊಂಡು ಹೋಗುತ್ತಾನೆ. ಇದು ಹಳೇ ಕಥೆಯೇ. ಆದರೆ ಎರಡನೇ ಭಾಗದಲ್ಲಿ ಸಿಕ್ಕಿಹಾಕಿಕೊಳ್ಳುವವನು ಟೋಡ್. ಹಣೆಗೆ ದೀಪ ಕಟ್ಟಿ, ಚೀಲ ಹೊತ್ತು ಹೊರಡುವವಳು ಟೋಡೆಟ್! ಅವಳಿಗೆಂದು ಆಟವನ್ನು ಸುಲಭ ಮಾಡಿಲ್ಲ. ಅವನಿಗಿದ್ದದ್ದೇ ಭಾರ, ಅವನಿಗಿದ್ದದ್ದೇ ದಾರಿ. ಅದು ನನಗೆ ಬಹಳ ಹಿಡಿಸಿತು.

ಹಾಗೆಂದು ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುವುದಿಲ್ಲ. ಮೊದಮೊದಲ ಮಟ್ಟಗಳು ತೀರ ಸಲೀಸು. ಮಾರಿಯೋ ಆಡಿ ಪಳಗಿದವರಿಗೆ ಉಪ್ಪು ಸಾಲದು ಅನ್ನಿಸೀತು. ಸಿಕ್ಕಿದ ಹರಳುಗಳ ಲೆಕ್ಕ ಸಾಲದಿದ್ದರೆ ಕೆಲವು ಪುಟ ತೆರೆಯುವುದೇ ಇಲ್ಲ, ಹಿಂದೆ ಹೋಗಿ ಬಿಟ್ಟದ್ದನ್ನು ಹುಡುಕಿ ತರಬೇಕು. ಇದು ಬೇಸರದ ಕೆಲಸ. ಇಕ್ಕಟ್ಟಾದ ಗುಹೆಗಳಲ್ಲಿ ನೋಟ ತಿರುಗಿಸಿ ತಿರುಗಿಸಿ ತಲೆ ಸುತ್ತುತ್ತದೆ, ಕನ್ನಡಕದವರು ಹುಷಾರಾಗಿರಿ. ಬೆಂಕಿ ಕಾರುವ ಒಂದು ಡ್ರ್ಯಾಗನ್ ಬರುತ್ತದೆ. ಅಲ್ಲಿ ಕೆಳಗಿನಿಂದ ಕುದಿಯುವ ಲಾವಾ ಏರುತ್ತಾ ಬಂದು ಅವಸರಪಡಿಸುತ್ತದೆ. ಆರಾಮವಾಗಿ ನೋಡುತ್ತಾ ಹೋಗಿ ಎಂದು ಹೇಳಿಕೊಟ್ಟವರೇ ಹೀಗೆ ಅಟ್ಟಿಸಿಕೊಂಡು ಬಂದರೆ ಹೇಗೆ? ನಕ್ಷತ್ರ ಸಿಕ್ಕ ಮೇಲೂ ಮಟ್ಟ ಪೂರ್ತಿಯಾಗುವುದಿಲ್ಲ. ಚಿನ್ನದ ಅಣಬೆ ಹುಡುಕು, ಒಂದೂ ಪೆಟ್ಟು ತಿನ್ನದೆ ಮುಗಿಸು ಎಂಬಂಥ ಇನ್ನೊಂದು ಕೆಲಸ ಹೇಳುತ್ತದೆ. ಎಲ್ಲಾದರೊಂದು ಗೋಡೆಗೆ ಅಂಟಿಕೊಂಡ ಪುಟಾಣಿ ಟೋಡ್ ಚಿತ್ರವನ್ನು ಹುಡುಕುವ ಆಟವೂ ಇದೆ. ನನಗೆ ಇದೇ ಎಲ್ಲಕ್ಕಿಂತ ಪ್ರಿಯ.

ಈ ಆಟದ ಬಗ್ಗೆ ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ಬೇರೆಯೇ ಇದೆ. ಮಗ ಸೆಮಿಸ್ಟರ್ ರಜಕ್ಕೆ ಬಂದ. ಬಂದವನು ಮೊದಲಿನ ಹಾಗಿರಲಿಲ್ಲ. ಕರೆದರೆ ಊಟಕ್ಕೆ ಬರುವುದು, ಉಂಡು ಮೊಬೈಲ್ ಹಿಡಿದು ಮಲಗುವುದು. "ಏನಾಯ್ತೋ?" ಎಂದರೆ "ಏನಿಲ್ಲಮ್ಮ." ಮನೆಯವರು ಕೇಳಿದರೆ ಆ ಎರಡು ಶಬ್ದವೂ ಇಲ್ಲ. ಒಂದು ಮಧ್ಯಾಹ್ನ ನಾನು ನನ್ನ ಪಾಡಿಗೆ ಟೋಡನನ್ನು ನಡೆಸುತ್ತಾ ಕೂತಿದ್ದೆ. ಬಂದು ಪಕ್ಕದಲ್ಲಿ ಕೂತ. ಈ ಯಂತ್ರದ ಹಿಡಿಕೆ ಎರಡು ಭಾಗವಾಗುತ್ತದೆ. ಒಬ್ಬರು ಟೋಡನನ್ನು ನಡೆಸಿದರೆ ಇನ್ನೊಬ್ಬರು ಟರ್ನಿಪ್ ಎಸೆದು ಸಹಾಯ ಮಾಡಬಹುದು. ಒಂದನ್ನು ಅವನ ಕೈಗೆ ಕೊಟ್ಟೆ. ಮೂರನೇ ಹರಳು ಸಿಗದೆ ಅವನು ತಡಕಾಡುತ್ತಿದ್ದಾಗ, "ಆ ನೀರಿನ ತೊಟ್ಟಿ ಹಿಂದೆ ಸಂದಿಯಿದೆ ನೋಡು" ಎಂದೆ. "ಅಮ್ಮಾ, ಇದನ್ನ ಯಾವಾಗ ನೋಡಿದೆ ನೀನು?" ಎಂದು ಕಣ್ಣರಳಿಸಿದ. ಬಹಳ ದಿನದ ಮೇಲೆ ಅವನ ಮುಖದಲ್ಲಿ ನಗು ಕಂಡೆ.

ಹೀಗೆ ಮೂರು ನಾಲ್ಕು ದಿನ ಆಡಿದೆವು. ಐದನೇ ದಿನವೋ ಏನೋ, ಟಿ.ವಿ.ಯಿಂದ ಕಣ್ಣು ತೆಗೆಯದೆಯೇ ಹೇಳಿದ, "ಅಮ್ಮಾ, ಎರಡು ಸಬ್ಜೆಕ್ಟ್ ಹೋಗಿದೆ. ಅಪ್ಪಂಗೆ ಹೇಳಿಲ್ಲ. ಕಾಲೇಜೇ ಬಿಟ್ಟುಬಿಡೋಣ ಅನ್ಸುತ್ತೆ."

ಟೋಡನನ್ನು ಒಂದು ಕಡೆ ನಿಲ್ಲಿಸಿದೆ. ತಕ್ಷಣ ಏನೂ ಅನ್ನಲಿಲ್ಲ. ಅವನೇ ಒಂದೊಂದಾಗಿ ಹೇಳಿದ. ಲೆಕ್ಕದ ಪಾಠ ತಲೆಗೆ ಹತ್ತುತ್ತಿಲ್ಲ, ಕೇಳಲು ನಾಚಿಕೆ, ಉಳಿದವರೆಲ್ಲ ಸರಸರ ಮುಂದೆ ಹೋಗುತ್ತಿದ್ದಾರೆ. ಎಲ್ಲ ಕೇಳಿಸಿಕೊಂಡೆ. ಆಟದಲ್ಲಿ ಗಡಿಯಾರವಿರಲಿಲ್ಲ. ಇದ್ದಿದ್ದರೆ, ಓಡು ಹಾರು ಎಂಬ ಆ ಗದ್ದಲದಲ್ಲಿ ಈ ಮಾತು ಬಾಯಿಗೆ ಬರುತ್ತಿತ್ತೇ? ಎದುರಾಬದುರು ಕೂರಿಸಿ ಕೇಳಿದ್ದರೂ ಬರುತ್ತಿರಲಿಲ್ಲ. ಇಬ್ಬರೂ ಒಂದೇ ಕಡೆ ನೋಡುತ್ತಾ ಕೂತಿದ್ದರಿಂದ ಬಂತು.

ಆ ರಾತ್ರಿ ಮನೆಯವರಿಗೆ ಅವನೇ ಹೇಳಿದ. ನಾನು ಪಕ್ಕದಲ್ಲಿದ್ದೆ ಅಷ್ಟೇ. ಬೈಗುಳ ಬಿದ್ದವು, ಬೀಳದೆ ಇರುತ್ತವೆಯೇ? ಆದರೆ ಮರುದಿನ ಅಪ್ಪ ಮಗ ಕೂತು ಟ್ಯೂಷನ್ನಿನ ಮಾತಾಡಿದರು. ಒಂದು ಸಬ್ಜೆಕ್ಟ್ ಈಗ ಪಾಸಾಗಿದೆ. ಇನ್ನೊಂದು ಬಾಕಿಯಿದೆ. ಕಾಲೇಜು ಬಿಡುವ ಮಾತು ಸದ್ಯಕ್ಕೆ ಎತ್ತಿಲ್ಲ.

ಆಟ ಆಡಿಸಿದರೆ ಮಕ್ಕಳು ಸರಿಹೋಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಇದಕ್ಕಾಗಿ ಯಂತ್ರ ಕೊಳ್ಳಿ ಎಂದೂ ಅಲ್ಲ, ಅದು ದುಬಾರಿ. ಆದರೆ ಮಕ್ಕಳದೋ ತಮ್ಮಂದಿರದೋ ಮನೆಯಲ್ಲಿ ಬಿದ್ದಿದ್ದರೆ, ಅದು ನಮಗಲ್ಲ ಎಂದು ದೂರವಿಡಬೇಡಿ. ನಮ್ಮ ಕೈ ಚುರುಕಿಲ್ಲ ಎಂದರೆ ಆ ಆಟ ನಮ್ಮದಲ್ಲ, ಅಷ್ಟೇ. ಕಣ್ಣಿಗೆ ಕೆಲಸ ಕೊಡುವ ಆಟಗಳೂ ಇವೆ. ಬೇಳೆಯಲ್ಲಿ ಕಲ್ಲು ಹುಡುಕಿ, ಸೀರೆಯ ಅಂಚಿನಲ್ಲಿ ಎಳೆ ಹೋಗಿದ್ದು ಹುಡುಕಿ, ಮಕ್ಕಳ ಮುಖದಲ್ಲಿ ಜ್ವರ ಹುಡುಕಿ ಪಳಗಿದ ಕಣ್ಣು ನಮ್ಮದು.

ಮೊದಲ ದಿನ ಅರ್ಧ ಗಂಟೆ ಸಾಕು. ಎಡಗೈಯ ಕಡ್ಡಿಯಿಂದ ನಡಿಗೆ, ಬಲಗೈಯದರಿಂದ ನೋಟ. ದಾರಿ ಸಿಗದಿದ್ದರೆ ಹೆಜ್ಜೆ ಇಡುವ ಮುಂಚೆ ಒಂದು ಸುತ್ತು ತಿರುಗಿಸಿ ನೋಡಿ. ಇನ್ನೊಂದು ಮುಖ್ಯ ವಿಷಯ, ಒಲೆಯ ಮೇಲೆ ಹಾಲಿಟ್ಟು ಮಾತ್ರ ಕೂರಬೇಡಿ. ಟೋಡ್ ನಿಮಗಾಗಿ ಕಾಯುತ್ತಾನೆ. ಹಾಲೂ ಕಾಯುತ್ತದೆ, ಆದರೆ ನಿಮಗಾಗಿ ಅಲ್ಲ!