ಹೆಸರು ನಂದೇ, ಮುಖ ಮಾತ್ರ ದಾದಾದು!

ನನ್ನ ಹೆಸರು ವಿಷ್ಣುವರ್ಧನ. ನಗಬೇಡಿ! 1982ರಲ್ಲಿ 'ಸಾಹಸಸಿಂಹ' ಬಂತು, ಮರುವರ್ಷ ನಾನು ಬಂದೆ. ತೊಟ್ಟಿಲಿಗೆ ಹಾಕುವಾಗ ಅಜ್ಜಿ ಹೇಳಿದ ಮನೆದೇವರ ಹೆಸರನ್ನು ಪಕ್ಕಕ್ಕಿಟ್ಟು ಅಪ್ಪ ಇದನ್ನೇ ಕೂಗಿಬಿಟ್ಟರಂತೆ. ಈಗ ನಂದೊಂದು ಪುಟ್ಟ ಟೈಲರ್ ಅಂಗಡಿ. ಬೋರ್ಡಿನ ಮೇಲೆ 'ವಿಷ್ಣುವರ್ಧನ ಟೈಲರ್ಸ್' ಅಂತಲೇ ಬರೆಸಿದ್ದೇನೆ.

ಒಂದು ದಿನ ಬಟ್ಟೆಯ ಸಗಟು ವ್ಯಾಪಾರಿಯೊಬ್ಬ ಬಂದ. "ಗುರುವೇ, ಹೆಸರು ಹೆಂಗೂ ನಿಂದೇ. ಲೇಬಲ್ ಮೇಲೆ ಕಡಗ ತೊಟ್ಟ ಕೈ, ಪಕ್ಕದಲ್ಲಿ ದಾದಾ ಮುಖ ಹಾಕ್ಸು. ಐನೂರರ ಶರ್ಟು ಎಂಟುನೂರಕ್ಕೆ ಹೋಗ್ತದೆ! ಯಾವನು ಕೇಳ್ತಾನೆ?" ಅಂದ. ಬೇಡಪ್ಪಾ ಅಂದೆ. ಕೇಳೋರು ಇದ್ದಾರೋ ಇಲ್ಲವೋ ಆಮೇಲಿನ ಮಾತು. ಆ ಮೇಲಿನ ಮುನ್ನೂರು ರೂಪಾಯಿ ಯಾರ ದುಡಿಮೆ? ನನಗೆ ಹತ್ತಿದ ಪ್ರಶ್ನೆ ಇದು.

ಬರೀ ಹೆಸರಾದರೆ ಕೋರ್ಟು ನನ್ನ ಕಡೆಗೇ ಇದೆ. ದೆಹಲಿಯಲ್ಲಿ ಗೌತಮ್ ಗಂಭೀರ್ ಅನ್ನೋ ಹೆಸರಿನವರೇ ಒಬ್ಬರು ಪಬ್ ನಡೆಸುತ್ತಿದ್ದರು, ಅದರ ಜೊತೆ ತಮ್ಮ ಹೆಸರನ್ನೂ ಹಾಕಿಕೊಂಡಿದ್ದರು. ಕ್ರಿಕೆಟಿಗ ಗಂಭೀರ್ ದಾವೆ ಹೂಡಿದರು. ಪಬ್ಬಿನವರು ತಾವೇ ಆ ಆಟಗಾರ ಅಂತ ತೋರಿಸಿಕೊಂಡದ್ದಕ್ಕೆ ಪುರಾವೆ ಇಲ್ಲ ಎಂದು 2017ರಲ್ಲಿ ದೆಹಲಿ ಹೈಕೋರ್ಟು ದಾವೆಯನ್ನು ವಜಾ ಮಾಡಿತು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 35ನೇ ಕಲಮು ಹೇಳುವುದೂ ಇಷ್ಟೇ: ಪ್ರಾಮಾಣಿಕವಾಗಿ ತನ್ನ ಹೆಸರಿನಲ್ಲಿ ವ್ಯಾಪಾರ ಮಾಡುವವನಿಗೆ ಅಡ್ಡಿಯಿಲ್ಲ.

'ಪ್ರಾಮಾಣಿಕವಾಗಿ'... ಕೊಕ್ಕೆ ಇರೋದೇ ಅಲ್ಲಿ! ಹೆಸರಿನ ಪಕ್ಕ ಮುಖ ಬಂದು ಕೂತರೆ ಕಥೆಯೇ ಬೇರೆ. ಗಾಯಕ ದಲೇರ್ ಮೆಹೆಂದಿಯನ್ನೇ ಹೋಲುವ, ಅವರ ಹಾಡಿನ ಸಾಲು ಹಾಡುವ ಬೊಂಬೆಗಳನ್ನು ಅಂಗಡಿಯವರು ಮಾರಿದರು. 2010ರಲ್ಲಿ ದೆಹಲಿ ಹೈಕೋರ್ಟು ಅದನ್ನು ತಡೆಯಿತು. ಇನ್ನು ನಮ್ಮ ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ಶಿವಾಜಿರಾವ್ ಗಾಯಕ್ವಾಡ್, ಅಂದರೆ ರಜನಿಕಾಂತ್! ಅವರ ಹೆಸರಿಟ್ಟುಕೊಂಡು ಹಿಂದಿಯಲ್ಲಿ ಒಂದು ಚಿತ್ರ ಬರುವುದರಲ್ಲಿತ್ತು. 2015ರಲ್ಲಿ ಮದ್ರಾಸ್ ಹೈಕೋರ್ಟು ಏನಂತು ಗೊತ್ತೇ? ಆಸಾಮಿ ಯಾರೆಂದು ಜನ ಗುರುತು ಹಿಡಿದರೆ ಸಾಕು, ಜನ ಮೋಸ ಹೋದರು ಅಂತ ಬೇರೆ ಸಾಬೀತು ಮಾಡಬೇಕಾಗಿಲ್ಲ! ಚಿತ್ರ ಕೊನೆಗೆ ಬೇರೆ ಹೆಸರಿನಲ್ಲಿ ತೆರೆ ಕಂಡಿತು.

2022ರ ನವೆಂಬರ್‌ನಲ್ಲಿ ಅಮಿತಾಭ್ ಬಚ್ಚನ್ ಕೋರ್ಟಿಗೆ ಹೋದರು. ಅವರ ಮುಖದ ಟೀ ಶರ್ಟು ಒಂದು ಕಡೆ, ಅವರ ಫೋಟೋ ತೋರಿಸಿ ಜನರ ಹಣ ಕೀಳುವ ಲಾಟರಿ ಇನ್ನೊಂದು ಕಡೆ ಎಂಬುದು ದೂರು. ದೆಹಲಿ ಹೈಕೋರ್ಟು ಮಧ್ಯಂತರ ತಡೆ ಕೊಟ್ಟಿತು. ಇಂಥ ಲಾಟರಿಯಲ್ಲಿ ದುಡ್ಡು ಕಳಕೊಳ್ಳೋರು ಯಾರು ಸ್ವಾಮಿ? ಬಚ್ಚನ್ ಅಲ್ಲ. ಆ ಮುಖ ನಂಬಿದ ನಮ್ಮಂಥ ಅಭಿಮಾನಿ!

ತೀರಿಕೊಂಡವರ ವಿಷಯದಲ್ಲಿ ಮಾತ್ರ ಕಾನೂನು ಸ್ವಲ್ಪ ಗೋಜಲು. ನಟ ಸುಶಾಂತ್ ಸಿಂಗ್ ರಜಪೂತ್ ಕುರಿತ ಚಿತ್ರದ ಮೊಕದ್ದಮೆಯಲ್ಲಿ, ಇಂಥ ಹಕ್ಕು ಆತನ ಜೊತೆಗೇ ಹೋಯಿತು ಎಂದು 2023ರಲ್ಲಿ ದೆಹಲಿ ಹೈಕೋರ್ಟು ಹೇಳಿತು. ಟ್ರೇಡ್‌ಮಾರ್ಕ್ ಕಾಯ್ದೆಯ 14ನೇ ಕಲಮಿನ ದಾರಿ ಬೇರೆ. ವ್ಯಕ್ತಿ ತೀರಿಹೋಗಿ 20 ವರ್ಷ ಆಗುವ ತನಕ, ಅವರ ಸಂಬಂಧವಿದೆ ಎಂದು ಸುಳ್ಳು ಸೂಚಿಸುವ ಗುರುತನ್ನು ನೋಂದಾಯಿಸಲು ಹೋದರೆ, ವಾರಸುದಾರರ ಒಪ್ಪಿಗೆ ತಾ ಅಂತ ರಿಜಿಸ್ಟ್ರಾರ್ ಕೇಳಬಹುದು. ದಾದಾ ನಮ್ಮನ್ನಗಲಿದ್ದು 2009ರ ಡಿಸೆಂಬರ್ 30. ಲೆಕ್ಕ ನೀವೇ ಹಾಕಿ.

ಆದರೆ ನನಗೆ ಕಾನೂನಿಗಿಂತ ದೊಡ್ಡದಾಗಿ ಕಾಣೋದು ಇನ್ನೊಂದಿದೆ. ಮೈಸೂರಿನ ಸಂಪತ್ ಕುಮಾರ್‌ಗೆ ಪುಟ್ಟಣ್ಣ ಕಣಗಾಲ್ ಈ ಹೆಸರಿಟ್ಟದ್ದು 'ನಾಗರಹಾವು' ಚಿತ್ರಕ್ಕಾಗಿ, 1972ರಲ್ಲಿ. ಅವತ್ತು ಅದನ್ನು ಶರ್ಟಿನ ಮೇಲೆ ಬರೆದಿದ್ದರೆ ಮೂರು ಕಾಸು ಜಾಸ್ತಿ ಹುಟ್ಟುತ್ತಿರಲಿಲ್ಲ! 200ಕ್ಕೂ ಹೆಚ್ಚು ಚಿತ್ರಗಳಲ್ಲಿ ಬೆವರು ಸುರಿಸಿ ಆ ಹೆಸರಿಗೆ ಬೆಲೆ ತಂದವರು ಅವರು. ನನಗೆ ಹೆಸರು ಬಂದದ್ದು ಅಪ್ಪನಿಂದ, ಪುಕ್ಕಟೆಯಾಗಿ. ಬೆಲೆಯೂ ಪುಕ್ಕಟೆ ಬೇಕು ಅಂದರೆ ಹೇಗೆ?

ಹಾಗಂತ ಅಭಿಮಾನಕ್ಕೆ ಯಾರೂ ಬೀಗ ಹಾಕೋದು ಬೇಡ. ಶಂಕರ್‌ನಾಗ್ ಚಿತ್ರ ಬರೆಸಿದ ಆಟೋಗಳು ನಮ್ಮೂರಲ್ಲಿ ಎಷ್ಟಿಲ್ಲ! 'ಆಟೋ ರಾಜ' ಬಂದದ್ದು 1980ರಲ್ಲಿ, ಪ್ರೀತಿ ಇನ್ನೂ ಆರಿಲ್ಲ. ಆ ಚಿತ್ರ ಇದೆ ಅಂತ ಯಾವ ಡ್ರೈವರೂ ಮೀಟರ್ ಮೇಲೆ ಹತ್ತು ರೂಪಾಯಿ ಕೇಳೋದಿಲ್ಲ. ಕೇಳಿದರೂ ಅದು ಬೇರೆ ಕಾರಣಕ್ಕೆ ಬಿಡಿ! ಪ್ರೀತಿಗೂ ವ್ಯಾಪಾರಕ್ಕೂ ಇರೋ ಗೆರೆ ಅದೇ.

ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ನೆಚ್ಚಿನ ನಟನ ಮುಖದ ಟೀ ಶರ್ಟು ಕಂಡರೆ, ಕೊಳ್ಳುವ ಮುಂಚೆ ಒಂದೇ ಮಾತು ಕೇಳಿ: "ಅವರ ಕಡೆಯೋರು ಒಪ್ಪಿದ್ದಾರೇನಣ್ಣಾ?" ಅವನು ತಡವರಿಸಿದರೆ ದುಡ್ಡು ಜೇಬಿನಲ್ಲೇ ಇರಲಿ. ಮುಂದಿನ ಶುಕ್ರವಾರ ಟಿಕೆಟ್ಟಿಗೆ ಆಗ್ತದೆ!