ಎತ್ತಿಗೊಂದು ಸೋಮವಾರ, ನನಗೊಂದು ಶುಕ್ರವಾರ

ಉಮ್ ಅಲ್ ಹಸ್ಸಮ್‌ನ ನಮ್ಮ ಕೋಣೆಯಲ್ಲಿ ನಾವು ನಾಲ್ವರು. ಉಡುಪಿ ಕಡೆಯ ಕ್ರೈಸ್ತ ಹಿರಿಯರೊಬ್ಬರು, ಕಾಸರಗೋಡಿನ ಮುಸ್ಲಿಂ ಗೆಳೆಯ, ದಾವಣಗೆರೆಯ ಹುಡುಗ ಮತ್ತು ವಿಜಯಪುರ ಜಿಲ್ಲೆಯ ಸಿಂದಗಿ ಕಡೆಯ ನಾನು. ಡಿಸೆಂಬರ್ ಬಂತೆಂದರೆ ಎ.ಸಿ. ನಿಲ್ಲುತ್ತದೆ, ಕಂಬಳಿ ಹೊರಗೆ ಬರುತ್ತದೆ. ಬೆಳಗಿನ ತಣ್ಣನೆ ಗಾಳಿ ಮುಖಕ್ಕೆ ತಾಗಿದಾಗ ನನಗೆ ಊರಿನ ಜೋಳದ ಹೊಲ ನೆನಪಾಗುತ್ತದೆ.

ನಮ್ಮದು ಎರೆಹೊಲ. ಮಳೆಗಾಲದ ಕೊನೆಗೆ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುತ್ತೇವೆ. ಆಮೇಲೆ ಮಳೆಯ ಆಸೆ ಇಲ್ಲ. ಕರಿಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ಚಳಿಗಾಲದ ಪೈರು ನಿಲ್ಲಬೇಕು. ನೆಲ ಬಿರುಕು ಬಿಟ್ಟು ಹಸಿ ಆರಿಹೋಗದಂತೆ ಎಡೆಕುಂಟೆ ಹೊಡೆಯುವುದು, ಕಡಲೆಯ ಕುಡಿ ಚಿವುಟುವುದು, ತೆನೆ ಹಾಲುಗಟ್ಟಿದಾಗ ಕವಣೆ ಬೀಸಿ ಹಕ್ಕಿ ಓಡಿಸುವುದು ನಮ್ಮ ಕೆಲಸ. ಅವ್ವ ರಾತ್ರಿ ಕಡಲೆ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ನಸುಕಿನಲ್ಲಿ ಅದನ್ನು ಹಿಂಡಿ ಹುಳಿ ತೆಗೆಯುತ್ತಿದ್ದಳು. ನಮ್ಮ ಹೊಟ್ಟೆನೋವಿಗೆ ಅದೇ ಔಷಧಿ.

ಎಷ್ಟೇ ಕೆಲಸವಿದ್ದರೂ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅದು ಬಸವಣ್ಣನ ವಾರ. ಒಂದು ವರ್ಷ ನೆಲ ಬೇಗ ಬಿರಿಯತೊಡಗಿತ್ತು. "ಒಂದ್ ತಾಸು ಎಡಿ ಹೊಡೆಯೋಣ ಅಪ್ಪಾ" ಅಂದೆ. "ಹಸಿ ಕೊಟ್ಟಾಂವ ಒಂದಿನ ತಡಿತಾನ. ಎತ್ತಿಗೆ ಮಾತು ಬರಂಗಿಲ್ಲ, ನಮಗ ತಿಳಿಬೇಕು" ಅಂದ ಅಪ್ಪ.

ನಾನು ಬಹ್ರೈನ್‌ಗೆ ಬಂದದ್ದು 2019ರಲ್ಲಿ, ಎ.ಸಿ. ರಿಪೇರಿ ಕೆಲಸಕ್ಕೆ. ತಂಗಿಯ ಮದುವೆಯ ಸಾಲವಿತ್ತು, ನೀರು ಬೀಳದ ಬೋರ್‌ವೆಲ್ಲಿನ ಸಾಲವೂ ಇತ್ತು. ಹಾಗಾಗಿ ಶುಕ್ರವಾರದ ರಜೆಯಲ್ಲೂ ಓವರ್‌ಟೈಮ್ ಕೇಳಿ ಪಡೆದೆ. ಯಾರೂ ಒತ್ತಾಯ ಮಾಡಲಿಲ್ಲ. ವರ್ಷಗಟ್ಟಲೆ ಹೀಗೇ ನಡೆಯಿತು.

2024ರ ಡಿಸೆಂಬರ್ 30, ಎಳ್ಳ ಅಮಾವಾಸ್ಯೆ. ಅಂದು ಸೋಮವಾರವೂ ಹೌದು. ಊಟದ ಬಿಡುವಿನಲ್ಲಿ ವಿಡಿಯೊ ಕಾಲ್ ಮಾಡಿದೆ. ಮನೆಯವರೆಲ್ಲ ಹೊಲದಲ್ಲಿದ್ದರು. ಐದು ಕಲ್ಲಿಟ್ಟು ಪಾಂಡವರ ಪೂಜೆ ಮುಗಿದಿತ್ತು, ಚರಗ ಚೆಲ್ಲಿ ಆಗಿತ್ತು. ಅಪ್ಪ ನನ್ನ ಮುಖವನ್ನೇ ನೋಡಿದ.

"ಇವತ್ತ ಎತ್ತಿಗೂ ಸೂಟಿ, ನಮಗೂ ಹಬ್ಬ. ನಿನ್ನ ಸೂಟಿ ಯಾವಾಗೋ?"

"ಶುಕ್ರವಾರ."

"ಹೋದ ಶುಕ್ರವಾರ ಏನ್ ಮಾಡಿದಿ?"

ನಾನು ಸುಮ್ಮನಾದೆ.

"ಎತ್ತಿಗಿರೋ ಒಂದ್ ವಾರ ನಿನಗಿಲ್ಲೇನೋ ತಮ್ಮಾ?" ಅಂದ.

ಆ ರಾತ್ರಿ ಲೆಕ್ಕ ಹಾಕಿದೆ. ಶುಕ್ರವಾರ ಬಿಟ್ಟರೆ ಸಾಲ ತೀರಲು ಎಂಟು ತಿಂಗಳು ಹೆಚ್ಚು. ಹೆದರಿಕೆಯಾಯಿತು. ಆದರೆ ಹಿಂಗಾರಿ ಜೋಳ ಕಣ್ಣಮುಂದೆ ಬಂತು. ಆಕಾಶದಲ್ಲಿ ಒಂದು ಮೋಡವಿಲ್ಲ, ಆದರೂ ಪೈರು ನಿಂತಿರುತ್ತದೆ. ಕೊಡುವವನು ಮೊದಲೇ ಕೊಟ್ಟು ನೆಲದಲ್ಲಿ ಇಟ್ಟಿರುತ್ತಾನೆ. ಅದನ್ನು ನಂಬಿಯೇ ಅಪ್ಪ ಸೋಮವಾರ ಎತ್ತು ಬಿಡುತ್ತಿದ್ದ. 2025ರ ಜನವರಿಯಿಂದ ನಾನೂ ಶುಕ್ರವಾರದ ಡ್ಯೂಟಿ ಬಿಟ್ಟೆ.

ಈಗ ಶುಕ್ರವಾರ ನಿಧಾನ ಏಳುತ್ತೇನೆ, ಬಟ್ಟೆ ಒಗೆಯುತ್ತೇನೆ, ಊರಿಗೆ ಫೋನ್ ಮಾಡುತ್ತೇನೆ. ಮಧ್ಯಾಹ್ನ ಬಾಂಗ್ ಕೇಳಿದಾಗ ಕಾಸರಗೋಡಿನ ಗೆಳೆಯ ಮಸೀದಿಗೆ ಹೊರಡುತ್ತಾನೆ. ಹಿರಿಯರು ಚರ್ಚಿನ ಶುಕ್ರವಾರದ ಪೂಜೆ ಮುಗಿಸಿ ಬರುತ್ತಾರೆ. ಏಳನೆಯ ದಿನ ಎತ್ತು, ಕತ್ತೆಗಳಿಗೂ ವಿಶ್ರಾಂತಿ ಇರಬೇಕೆಂದು ಬೈಬಲಿನಲ್ಲೂ ಇದೆ ಎಂದು ಅವರೇ ನನಗೆ ಹೇಳಿದ್ದು. ಅಪ್ಪನಿಗೆ ತಿಳಿಸಿದೆ. "ಹಂಗಂದ್ರ ಅವರೂ ಒಕ್ಕಲುತನದವರೇ" ಅಂದ.

ದಾವಣಗೆರೆಯ ಹುಡುಗನಿಗೆ ಶನಿವಾರವೂ ರಜೆ. ಚಳಿಗಾಲದಲ್ಲಿ ಬುದೈಯದ ಬಟಾನಿಕಲ್ ಗಾರ್ಡನ್‌ನಲ್ಲಿ ನಡೆಯುವ ರೈತರ ಸಂತೆಯಿಂದ ಮೂಲಂಗಿ, ಸೊಪ್ಪು ತರುತ್ತಾನೆ. ಈ ದ್ವೀಪದ ಖರ್ಜೂರದ ತೋಟಗಳೂ ಒಂದು ಕಾಲಕ್ಕೆ ನೆಲದಡಿಯಿಂದ ಉಕ್ಕುವ ಬುಗ್ಗೆಗಳ ನೀರಿನಿಂದಲೇ ಬದುಕಿದ್ದವು. ಈಗ ಹೆಚ್ಚಿನವು ಬತ್ತಿವೆ. ಅದನ್ನು ತಿಳಿದ ಮೇಲೆ ಒಂದು ಎಲೆ ಸೊಪ್ಪನ್ನೂ ಹಾಳುಮಾಡಲು ಮನಸ್ಸು ಬಾರದು.

2025ರಲ್ಲಿ ಎಳ್ಳ ಅಮಾವಾಸ್ಯೆ ಡಿಸೆಂಬರ್ 19ಕ್ಕೆ, ಶುಕ್ರವಾರವೇ ಬಂತು. ನಾಲ್ವರೂ ಸೇರಿ ಅಡುಗೆ ಮಾಡಿದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ಸ್ವಲ್ಪ ಸ್ವಲ್ಪ ತಟ್ಟೆಗೆ ಹಾಕಿಕೊಂಡು ಮಾಳಿಗೆ ಹತ್ತಿ, ಭೂಮಿತಾಯಿಯನ್ನು ನೆನೆದು ನಾಲ್ಕೂ ದಿಕ್ಕಿಗೆ ಇಟ್ಟೆ. ಕೆಳಗಿಳಿದು ವಾಚ್‌ಮನ್‌ಗೂ ಎರಡು ರೊಟ್ಟಿ ಕೊಟ್ಟೆ.

"ಹೊಲ ಇಲ್ದ ಚರಗ ಎಲ್ಲಿ ಚೆಲ್ಲಿದಿ?" ಅಪ್ಪ ಕೇಳಿದ.

"ಮಾಳಿಗಿ ಮ್ಯಾಲೆ."

"ಹಕ್ಕಿ ಬಂದುವೇನು?"

"ಪಾರಿವಾಳ ಬಂದುವು."

"ಸಾಕು ಬಿಡು, ಮುಟ್ಟಿತು."

ಸಾಲ ಇನ್ನೂ ಸ್ವಲ್ಪ ಇದೆ. ಕಷ್ಟಕ್ಕಾಗಿ ಶುಕ್ರವಾರವೂ ದುಡಿಯುವ ಅಣ್ಣತಮ್ಮಂದಿರಿಗೆ ಬುದ್ಧಿ ಹೇಳುವಷ್ಟು ದೊಡ್ಡವನು ನಾನಲ್ಲ, ನಾನೂ ಅದೇ ದಾರಿಯಲ್ಲಿ ಬಂದವನು. ಒಂದೇ ಮಾತು. ತಿಂಗಳಿಗೊಂದು ಶುಕ್ರವಾರವಾದರೂ ನೊಗ ಇಳಿಸಿ, ಊರಿಗೆ ಫೋನ್ ಮಾಡಿ, ಇದ್ದದ್ದನ್ನು ಹಂಚಿಕೊಂಡು ಉಣ್ಣಿ. ಹಸಿ ಕೊಟ್ಟವನು ಒಂದು ದಿನ ತಡೆಯುತ್ತಾನೆ.